ನೆಲದಡಿ ಎಷ್ಟು ಎಣ್ಣೆ, ಗ್ಯಾಸ್ ಇದೆ ಅಂತ ಹೇಗೆ ಲೆಕ್ಕ ಹಾಕುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

"ಭಾರಿ ನಿಕ್ಷೇಪ ಪತ್ತೆ" ಅನ್ನುವ ಸುದ್ದಿ ಬಂದಾಗಲೆಲ್ಲ ಎಣ್ಣೆ, ಗ್ಯಾಸ್ ಹುಡುಕುವ ನಮ್ಮ ಕೆಲಸ ಗೊತ್ತಿರುವವರು ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎರಡು ಮೂರು ಕಿಲೋಮೀಟರ್ ಆಳದಲ್ಲಿ ಇರುವುದನ್ನು ಕಣ್ಣಿಂದ ನೋಡದೆ ಇಷ್ಟೇ ಇದೆ ಅಂತ ಹೇಗೆ ಹೇಳುತ್ತೀರಿ? ನ್ಯಾಯವಾದ ಪ್ರಶ್ನೆ. ಸೈಸ್ಮಿಕ್ ಸರ್ವೆ ಮತ್ತು ಬಾವಿ, ನಮ್ಮ ಕೈಲಿರುವುದು ಮುಖ್ಯವಾಗಿ ಇವೆರಡೇ. ಇವುಗಳಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ನೆಲದಡಿ ಎಣ್ಣೆ ಕೆರೆ ತರಹ ನಿಂತಿರುತ್ತಾ?

ಇಲ್ಲ. ಎಣ್ಣೆ, ಗ್ಯಾಸ್ ಇರುವುದು ಕಲ್ಲಿನ ಒಳಗೆ. ಮರಳುಗಲ್ಲಿನ ಕಾಳುಗಳ ನಡುವಿನ ಸಂದಿಯಲ್ಲಿ, ಸುಣ್ಣಕಲ್ಲಿನ ಸಣ್ಣ ತೂತು, ಬಿರುಕುಗಳಲ್ಲಿ. ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ನಿಕ್ಷೇಪ ಮರಳುಗಲ್ಲಿನದು, ಮುಂಬೈಯಾಚೆ ಸಮುದ್ರದಲ್ಲಿರುವ ಮುಂಬೈ ಹೈ ಸುಣ್ಣಕಲ್ಲಿನದು. ಇಂಥ ಕಲ್ಲಿನ ಪದರಕ್ಕೆ ರಿಸರ್ವಾಯರ್ ಅನ್ನುತ್ತೇವೆ. ಅದರ ಮೇಲೆ ಎಣ್ಣೆಯನ್ನು ಹೊರಗೆ ಬಿಡದ ಗಟ್ಟಿ ಪದರ, ಸಾಮಾನ್ಯವಾಗಿ ಶೇಲ್ (ಜೇಡಿಮಣ್ಣು ಗಟ್ಟಿಯಾದ ಕಲ್ಲು), ಮುಚ್ಚಿಕೊಂಡಿರಬೇಕು. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಮೇಲಕ್ಕೆ ಏರುತ್ತಾ ಹೋಗಿ ಎಲ್ಲಿ ತಡೆ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ನಾವು ಹುಡುಕುವುದು ಆ ತಡೆಯನ್ನು.

ಸೈಸ್ಮಿಕ್ ಸರ್ವೆಯಲ್ಲಿ ಏನು ಮಾಡುತ್ತಾರೆ?

ನೆಲಕ್ಕೆ ಸದ್ದು ಕಳಿಸಿ, ವಾಪಸ್ ಬರುವ ಪ್ರತಿಧ್ವನಿ ಕೇಳುತ್ತಾರೆ. ನೆಲದ ಮೇಲಾದರೆ ಸಣ್ಣ ಗುಂಡಿ ತೋಡಿ ಡೈನಮೈಟ್ ಸಿಡಿಸುತ್ತಾರೆ, ಇಲ್ಲವೇ ವೈಬ್ರೇಟರ್ ಲಾರಿಗಳಿಂದ ನೆಲವನ್ನು ನಡುಗಿಸುತ್ತಾರೆ. ಸಮುದ್ರದಲ್ಲಾದರೆ ಹಡಗಿನ ಹಿಂದೆ ಏರ್‌ಗನ್‌ಗಳು, ಅದರ ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್‌ಗಳಲ್ಲಿ ಹೈಡ್ರೋಫೋನ್‌ಗಳು, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್‌ಗಳು. ಒಂದು ಬಗೆಯ ಕಲ್ಲು ಮುಗಿದು ಇನ್ನೊಂದು ಶುರುವಾಗುವ ಕಡೆಯಲ್ಲೆಲ್ಲ ಸದ್ದಿನ ಒಂದಿಷ್ಟು ಭಾಗ ವಾಪಸ್ ಬರುತ್ತದೆ. ಅದು ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಎಷ್ಟು ಜೋರಾಗಿ ಬಂತು, ಇವೇ ನಮಗೆ ಸಿಗುವ ಅಂಕಿಗಳು. ಚಿತ್ರ ಆಮೇಲೆ ಕಂಪ್ಯೂಟರ್‌ನಲ್ಲಿ ತಯಾರಾಗುವುದು. ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಂದೇ ಗೆರೆಯಲ್ಲಿ ಮಾಡಿದರೆ 2ಡಿ. ಒತ್ತೊತ್ತಾಗಿ ಗೆರೆ ಹಾಕಿ ಇಡೀ ಜಾಗವನ್ನು ಮುಚ್ಚಿದರೆ 3ಡಿ. ಎಣ್ಣೆ ತೆಗೆಯಲು ಶುರುಮಾಡಿದ ಮೇಲೆ ಅದೇ ಜಾಗದಲ್ಲಿ ಕೆಲವು ವರ್ಷ ಬಿಟ್ಟು ಮತ್ತೆ ಸರ್ವೆ ಮಾಡಿ ಏನು ಬದಲಾಗಿದೆ ಅಂತ ನೋಡುವುದು 4ಡಿ.

ಆ ಚಿತ್ರದಲ್ಲಿ ಎಣ್ಣೆ ನೇರವಾಗಿ ಕಾಣುತ್ತಾ?

ಜನರಿಗೆ ಜಾಸ್ತಿ ತಪ್ಪು ಕಲ್ಪನೆ ಇರುವುದು ಇಲ್ಲೇ. ಸೈಸ್ಮಿಕ್ ಕಲ್ಲಿನ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ. ಒಳಗೆ ಏನು ತುಂಬಿದೆ ಅನ್ನುವುದಕ್ಕೆ ಬರೀ ಸುಳಿವು ಕೊಡುತ್ತದೆ.

ಸುಳಿವುಗಳು ಇಲ್ಲ ಅಂತಲ್ಲ. ಗ್ಯಾಸ್ ತುಂಬಿದ ಮರಳಿನಲ್ಲಿ ಸದ್ದು ನಿಧಾನವಾಗಿ ಹೋಗುತ್ತದೆ. ಮೇಲಿನ ಶೇಲ್‌ಗೂ ಅದಕ್ಕೂ ವ್ಯತ್ಯಾಸ ಜಾಸ್ತಿಯಾಗಿ ಪ್ರತಿಧ್ವನಿ ಜೋರಾಗಿ ಬರುತ್ತದೆ. ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ, ಇದಕ್ಕೆ ಬ್ರೈಟ್ ಸ್ಪಾಟ್ ಅನ್ನುತ್ತೇವೆ. ಅಕ್ಕಪಕ್ಕದ ಪದರಗಳೆಲ್ಲ ಬಾಗಿರುವಾಗ ಮಧ್ಯೆ ಒಂದು ಗೆರೆ ಮಾತ್ರ ಸಮತಟ್ಟಾಗಿ ಕಂಡರೆ ಅದು ಗ್ಯಾಸ್ ಮತ್ತು ನೀರು ಸೇರುವ ಮಟ್ಟ ಇರಬಹುದು. ಕೃಷ್ಣಾ-ಗೋದಾವರಿ ಕೊಳದಂಥ (ಕೊಳ ಅಂದರೆ ಇಲ್ಲಿ ಮಣ್ಣು, ಮರಳು ಪದರ ಪದರವಾಗಿ ತುಂಬಿದ ಭೂಮಿಯ ದೊಡ್ಡ ತಗ್ಗು) ಎಳೆ ವಯಸ್ಸಿನ ಮರಳಿನಲ್ಲಿ ಇವು ತುಂಬ ಉಪಯೋಗಕ್ಕೆ ಬರುತ್ತವೆ.

ಆದರೆ ಒಂದು ತೊಡಕಿದೆ. ಸಂದಿಗಳಲ್ಲಿ ಶೇ 5ರಿಂದ 10ರಷ್ಟು ಗ್ಯಾಸ್ ಇದ್ದರೂ ಸದ್ದಿನ ವೇಗ ಹೆಚ್ಚುಕಡಿಮೆ ಶೇ 80 ಇದ್ದಾಗಿನಷ್ಟೇ ಇಳಿದುಬಿಡುತ್ತದೆ. ಅಂದರೆ ಕೈಗೆ ಹತ್ತದ ಗ್ಯಾಸೂ ಚಿತ್ರದಲ್ಲಿ ಅಷ್ಟೇ ಜೋರಾಗಿ ಹೊಳೆಯುತ್ತದೆ. ಇದನ್ನು ನಂಬಿ ಕೊರೆದು ಕೈ ಸುಟ್ಟುಕೊಂಡ ಕಂಪನಿಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ.

ಇನ್ನೊಂದು ಉದಾಹರಣೆ ಅಲಾಸ್ಕಾದ ಮಕ್‌ಲಕ್. 1983ರಲ್ಲಿ ಅಲ್ಲಿ ಸಮುದ್ರದೊಳಗೆ ಬಾವಿ ಕೊರೆದರು. ಲೀಸ್‌ನ ದುಡ್ಡೂ ಸೇರಿ 100 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು. ಸೈಸ್ಮಿಕ್ ತೋರಿಸಿದ ದೊಡ್ಡ ಗುಮ್ಮಟದಂಥ ರಚನೆ ಇದ್ದದ್ದು ನಿಜ. ಕಲ್ಲಿನಲ್ಲಿ ಎಣ್ಣೆಯ ಕಲೆಯೂ ಇತ್ತು. ಆದರೆ ಎಣ್ಣೆ ಎಂದೋ ಜಾಗ ಬಿಟ್ಟು ಹೋಗಿತ್ತು, ಸಿಕ್ಕಿದ್ದು ನೀರು.

ಎಷ್ಟು ತೆಳು ಪದರದವರೆಗೆ ಕಾಣುತ್ತದೆ?

ಸದ್ದಿನ ಅಲೆಯ ಉದ್ದದ ಕಾಲು ಭಾಗ ಅಂತ ಒಂದು ಅಂದಾಜು ಇದೆ. ಕಲ್ಲಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ 3000 ಮೀಟರ್, ಅಲೆಯ ಫ್ರೀಕ್ವೆನ್ಸಿ 30 ಹರ್ಟ್ಸ್ ಅಂದುಕೊಳ್ಳಿ. ಅಲೆಯ ಉದ್ದ 100 ಮೀಟರ್, ಕಾಲು ಭಾಗ 25 ಮೀಟರ್. ಅದಕ್ಕಿಂತ ತೆಳುವಾದ ಪದರದ ಮೇಲ್ತುದಿ, ಕೆಳತುದಿ ಬೇರೆ ಬೇರೆಯಾಗಿ ಕಾಣುವುದಿಲ್ಲ. 25 ಮೀಟರ್ ಅಂದರೆ ಏಳೆಂಟು ಮಹಡಿ ಕಟ್ಟಡದ ಎತ್ತರ. ಅಷ್ಟರೊಳಗೆ ಐದು ಮರಳಿನ ಪದರ, ಮಧ್ಯೆ ನಾಲ್ಕು ಶೇಲ್ ಪದರ ಇದ್ದರೂ ಚಿತ್ರದಲ್ಲಿ ಒಂದೇ ಪಟ್ಟಿ.

ಮಿಲಿಸೆಕೆಂಡ್‌ನಿಂದ ಆಳ ಹೇಗೆ ತಿಳಿಯುತ್ತದೆ?

ಸದ್ದಿನ ವೇಗ ಗೊತ್ತಿರಬೇಕು. ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್, ಗಟ್ಟಿ ಸುಣ್ಣಕಲ್ಲಿನಲ್ಲಿ 5000 ದಾಟಬಹುದು. ಹೋಗಿ ಬರಲು 2 ಸೆಕೆಂಡ್, ಸರಾಸರಿ ವೇಗ 3000 ಅಂದರೆ ಆಳ 3000 ಮೀಟರ್. ವೇಗದ ಅಂದಾಜು ಶೇ 3 ತಪ್ಪಿದರೆ ಆಳ 90 ಮೀಟರ್ ತಪ್ಪುತ್ತದೆ. ರಚನೆಯ ಒಟ್ಟು ಎತ್ತರವೇ 50 ಮೀಟರ್ ಆಗಿದ್ದರೆ ನಕ್ಷೆಯಲ್ಲಿ ಗುಡ್ಡ ಕಂಡ ಕಡೆ ನಿಜವಾಗಿ ಗುಡ್ಡವೇ ಇಲ್ಲದಿರಬಹುದು. ಇದನ್ನು ಸರಿಮಾಡಲು ಬಾವಿಯೇ ಬೇಕು.

ಬಾವಿ ಕೊರೆದಾಗ ಏನೇನು ನೋಡುತ್ತಾರೆ?

ಮೊದಲು ಕೈಗೆ ಸಿಗುವುದು ಕಲ್ಲಿನ ಚೂರು. ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ, ಅಂದರೆ ಮಡ್, ಮೇಲೆ ಬಂದು ಜಾಲರಿ ಮೇಲೆ ಹರಿಯುತ್ತದೆ, ಚೂರುಗಳು ಜಾಲರಿಯಲ್ಲಿ ಉಳಿಯುತ್ತವೆ. ರಿಗ್‌ನಲ್ಲಿರುವ (ಬಾವಿ ಕೊರೆಯುವ ಯಂತ್ರ) ಭೂವಿಜ್ಞಾನಿ ಕೆಲವು ಮೀಟರಿಗೊಮ್ಮೆ ಹಿಡಿಯಷ್ಟು ತೆಗೆದು, ತೊಳೆದು, ಸಣ್ಣ ತಟ್ಟೆಯಲ್ಲಿ ಹರಡಿ ಮೈಕ್ರೋಸ್ಕೋಪ್ ಕೆಳಗೆ ಇಡುತ್ತಾರೆ. ಆಮೇಲೆ ಅದೇ ತಟ್ಟೆಯನ್ನು ನೇರಳಾತೀತ ದೀಪದ ಕೆಳಗೆ. ಎಣ್ಣೆ ಅಂಟಿದ ಮರಳು ಹಳದಿಯಾಗಿಯೋ ನೀಲಿ ಬಿಳುಪಾಗಿಯೋ ಹೊಳೆಯುತ್ತದೆ. ಎಣ್ಣೆ ಕರಗಿಸುವ ದ್ರಾವಕ ಒಂದು ತೊಟ್ಟು ಬಿಟ್ಟರೆ ಚೂರಿನ ಸುತ್ತ ಆ ಹೊಳಪು ನಿಧಾನಕ್ಕೆ ಹರಡುತ್ತದೆ. ಎಷ್ಟು ಬೇಗ ಹರಡಿತು ಅನ್ನುವುದನ್ನೂ ಬರೆದಿಡುತ್ತಾರೆ. ಕೋಟಿಗಟ್ಟಲೆ ದುಡ್ಡಿನ ಕೆಲಸದಲ್ಲಿ ಮೊದಲ ಸಾಕ್ಷಿ ಇಂಥ ಒಂದು ಹಿಡಿ ಚೂರು.

ಮುಂದಿನದು ಲಾಗಿಂಗ್. ಬಾವಿಯೊಳಗೆ ಉಪಕರಣ ಇಳಿಸಿ, ಮೇಲಕ್ಕೆ ಎಳೆಯುತ್ತಾ ಅಳೆಯುತ್ತಾರೆ, ಆ ದಾಖಲೆಗೆ ಲಾಗ್ ಅನ್ನುತ್ತೇವೆ. ಶ್ಲಂಬರ್ಜರ್ ಕಂಪನಿಯವರು 1927ರಲ್ಲಿ ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ ಮಾಡಿದ್ದು ಮೊದಲ ಎಲೆಕ್ಟ್ರಿಕ್ ಲಾಗ್. ಗಾಮಾ ರೇ ಲಾಗ್ ಶೇಲ್ ಯಾವುದು, ಮರಳು ಯಾವುದು ಅಂತ ಬೇರೆ ಮಾಡುತ್ತದೆ. ಡೆನ್ಸಿಟಿ ಮತ್ತು ನ್ಯೂಟ್ರಾನ್ ಲಾಗ್ ಸೇರಿ ಕಲ್ಲಿನಲ್ಲಿ ಎಷ್ಟು ಖಾಲಿ ಜಾಗ ಇದೆ, ಅದರಲ್ಲಿ ಗ್ಯಾಸ್ ಇದೆಯಾ ಅಂತ ಹೇಳುತ್ತವೆ. ಸಾನಿಕ್ ಲಾಗ್ ಸದ್ದಿನ ವೇಗ ಕೊಡುತ್ತದೆ. ರೆಸಿಸ್ಟಿವಿಟಿ ಲಾಗ್ ಕರೆಂಟ್ ಹರಿಯಲು ಎಷ್ಟು ತಡೆ ಇದೆ ಅಂತ ಅಳೆಯುತ್ತದೆ.

ಮುಖ್ಯ ಪದರದಲ್ಲಿ ಕೋರ್ ತೆಗೆಯುತ್ತಾರೆ, ಅಂದರೆ ಕಲ್ಲಿನ ಉದ್ದನೆಯ ಕಂಬವನ್ನೇ ಕತ್ತರಿಸಿ ಮೇಲೆ ತರುವುದು. ಖರ್ಚು ಜಾಸ್ತಿ ಅಂತ ಇದನ್ನು ಬಿಡುವವರಿದ್ದಾರೆ. ಕೋರ್ ಇಲ್ಲದೆ ಲಾಗ್‌ನ ಅಂಕಿಗಳನ್ನು ಯಾವುದಕ್ಕೆ ಹೋಲಿಸಿ ಸರಿಯೋ ತಪ್ಪೋ ನೋಡುವುದು? ಮೊದಲ ಒಂದೆರಡು ಬಾವಿಗಳಲ್ಲಾದರೂ ತೆಗೆಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇರುವುದು ಎಣ್ಣೆಯೋ ನೀರೋ ಅಂತ ಲಾಗ್ ನೋಡಿ ಹೇಗೆ ಹೇಳುತ್ತಾರೆ?

ಆಳದ ನೀರು ಉಪ್ಪುನೀರು, ಅದರಲ್ಲಿ ಕರೆಂಟ್ ಹರಿಯುತ್ತದೆ. ಎಣ್ಣೆ, ಗ್ಯಾಸ್‌ನಲ್ಲಿ ಹರಿಯುವುದಿಲ್ಲ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದವರು ಶೆಲ್ ಕಂಪನಿಯ ಗಸ್ ಆರ್ಚಿ, 1942ರಲ್ಲಿ. ಒಂದು ಶುದ್ಧ ಮರಳುಗಲ್ಲಿನಲ್ಲಿ ಶೇ 20 ಖಾಲಿ ಜಾಗ ಇದೆ, ಅಲ್ಲಿನ ನೀರಿನ ರೆಸಿಸ್ಟಿವಿಟಿ 0.1 ಓಮ್-ಮೀಟರ್, ಲಾಗ್‌ನಲ್ಲಿ ಕಲ್ಲಿನದು 25 ಬಂದಿದೆ ಅನ್ನಿ. 0.2ರ ವರ್ಗವನ್ನು 25ರಿಂದ ಗುಣಿಸಿದರೆ 1. ಆ 1ರಿಂದ 0.1ನ್ನು ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.32. ಅಂದರೆ ಸಂದಿಗಳಲ್ಲಿ ಶೇ 32 ನೀರು, ಉಳಿದ ಶೇ 68 ಎಣ್ಣೆ ಅಥವಾ ಗ್ಯಾಸ್.

ಕಲ್ಲಿನಲ್ಲಿ ಜೇಡಿ ಬೆರೆತಿದ್ದರೆ ಈ ಲೆಕ್ಕ ಕೆಡುತ್ತದೆ, ಯಾಕೆಂದರೆ ಜೇಡಿಯಲ್ಲೂ ಕರೆಂಟ್ ಹರಿಯುತ್ತದೆ. ಮರಳು, ಶೇಲ್ ಎರಡೂ ಬೆರಳುದ್ದದ ಪದರಗಳಾಗಿ ಒಂದರ ಮೇಲೊಂದು ಬಂದಿದ್ದರೆ ಗ್ಯಾಸ್ ಇದ್ದರೂ ಲಾಗ್‌ನಲ್ಲಿ ನೀರಿನ ಹಾಗೆ ಕಾಣಬಹುದು.

ಒತ್ತಡ ಅಳೆಯುವುದು ಯಾಕೆ?

ನನ್ನ ಮಟ್ಟಿಗೆ ಬಾವಿಯಿಂದ ಸಿಗುವ ಮಾಹಿತಿಯಲ್ಲಿ ಅತಿ ಬೆಲೆಯುಳ್ಳದ್ದು ಇದು. ಬಾವಿಯ ಗೋಡೆಗೆ ಉಪಕರಣ ಒತ್ತಿ ಹಿಡಿದು ಬೇರೆ ಬೇರೆ ಆಳದಲ್ಲಿ ಒತ್ತಡ ಅಳೆಯುತ್ತಾರೆ. ಪ್ರತಿ 10 ಮೀಟರಿಗೆ ಒತ್ತಡ ನೀರಿನಲ್ಲಿ ಸುಮಾರು 14 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಏರುತ್ತದೆ, ಎಣ್ಣೆಯಲ್ಲಿ ಸಾಮಾನ್ಯವಾಗಿ 10ರಿಂದ 12, ಗ್ಯಾಸ್‌ನಲ್ಲಿ 2-3 ಅಷ್ಟೇ. ಗ್ರಾಫ್ ಹಾಕಿದರೆ ಎರಡು ಗೆರೆ ಸೇರುವ ಆಳವೇ ಎಣ್ಣೆ ಮುಗಿದು ನೀರು ಶುರುವಾಗುವ ಮಟ್ಟ. ಬಾವಿ ಆ ಮಟ್ಟದವರೆಗೆ ಹೋಗಿರದಿದ್ದರೂ, ಹತ್ತಿರದ ಇನ್ನೊಂದು ಬಾವಿಯಲ್ಲಿ ನೀರಿನ ಒತ್ತಡ ಸಿಕ್ಕಿದ್ದರೆ ಗೆರೆ ಮುಂದುವರಿಸಿ ಅಂದಾಜು ಮಾಡಬಹುದು. ಎರಡು ಬಾವಿಗಳ ಒತ್ತಡ ಒಂದೇ ಗೆರೆ ಮೇಲೆ ಬರಲಿಲ್ಲ ಅಂದರೆ ಮಧ್ಯೆ ಯಾವುದೋ ತಡೆ ಇದೆ ಅಂತ ಅನುಮಾನ ಪಡಬೇಕು.

ಆಮೇಲೆ ಬಾವಿಯನ್ನು ಹರಿಯಲು ಬಿಟ್ಟು ಪರೀಕ್ಷೆ ಮಾಡುತ್ತಾರೆ. ಗ್ಯಾಸ್ ಉರಿಯುವ ದೊಡ್ಡ ಜ್ವಾಲೆಯ ಫೋಟೊ ಪತ್ರಿಕೆಗಳಲ್ಲಿ ಬರುತ್ತದಲ್ವಾ, ಅದು ಇದೇ. ನಾವು ಹೆಚ್ಚು ಕಲಿಯುವುದು ಜ್ವಾಲೆ ಆರಿಸಿ ಬಾವಿ ಮುಚ್ಚಿದ ಮೇಲೆ. ಒತ್ತಡ ಯಾವ ರೀತಿ ಮತ್ತೆ ಏರುತ್ತದೆ ಅನ್ನುವುದರಿಂದ ಕಲ್ಲಿನಲ್ಲಿ ಹರಿವು ಎಷ್ಟು ಸಲೀಸು, ಹತ್ತಿರದಲ್ಲಿ ಬಿರುಕಿನಂಥ ಗಡಿ ಏನಾದರೂ ಇದೆಯಾ ಅಂತ ತಿಳಿಯುತ್ತದೆ.

ಬಾವಿಯ ಮಾಹಿತಿ ಇಷ್ಟು ಖಚಿತ ಅಂದಮೇಲೆ ಸೈಸ್ಮಿಕ್ ಯಾಕೆ ಬೇಕು?

ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಇದು ಗೊತ್ತು. ಪಕ್ಕದವರ ಹೊಲದಲ್ಲಿ ಮೂರಿಂಚು ನೀರು, ನಮ್ಮಲ್ಲಿ ಬರೀ ಧೂಳು. ಬಾವಿ ಹೇಳುವುದು ತಾನು ಇಳಿದ ಜಾಗದ ಕಥೆಯನ್ನು ಮಾತ್ರ. ಲಾಗ್ ಉಪಕರಣಗಳು ಬಾವಿಯ ಗೋಡೆಯಿಂದ ಕೆಲವು ಸೆಂಟಿಮೀಟರ್, ಹೆಚ್ಚೆಂದರೆ ಒಂದೆರಡು ಮೀಟರ್ ಒಳಗೆ ನೋಡಬಲ್ಲವು. ಮುಂದಿನ ಬಾವಿ ಎರಡು ಕಿಲೋಮೀಟರ್ ಆಚೆ ಇರುತ್ತದೆ. ಮಧ್ಯದ ಜಾಗವನ್ನು ತುಂಬಲು ಸೈಸ್ಮಿಕ್ ಬಿಟ್ಟರೆ ಬೇರೆ ದಾರಿ ಇಲ್ಲ.

ಹಾಗಾಗಿ ಎರಡನ್ನೂ ಹೊಂದಿಸುತ್ತೇವೆ. ಸಾನಿಕ್ ಮತ್ತು ಡೆನ್ಸಿಟಿ ಲಾಗ್ ಗುಣಿಸಿದರೆ, ಪ್ರತಿ ಪದರದಿಂದ ಸದ್ದು ಎಷ್ಟು ವಾಪಸ್ ಬರಬೇಕಿತ್ತು ಅಂತ ಲೆಕ್ಕ ಹಾಕಬಹುದು. ಹೀಗೆ ಬಾವಿಯ ಮಾಹಿತಿಯಿಂದಲೇ ಒಂದು ಕೃತಕ ಸೈಸ್ಮಿಕ್ ಗೆರೆ ಮಾಡಿ, ನಿಜವಾದ ಸೈಸ್ಮಿಕ್ ಪಕ್ಕ ಇಟ್ಟು ನೋಡುತ್ತೇವೆ. ಎರಡೂ ಹೊಂದಿದರೆ ಚಿತ್ರದ ಯಾವ ಗೆರೆ ಯಾವ ಪದರ ಅಂತ ಗೊತ್ತಾಯಿತು. ಹೊಂದದಿದ್ದರೆ ಅಲ್ಲೇ ನಿಲ್ಲಬೇಕು. ಹೊಂದುವವರೆಗೆ ಲಾಗ್ ಅನ್ನು ಸುಮ್ನೆ ಅತ್ತಿತ್ತ ಎಳೆದಾಡುವುದು ಸುಲಭ, ಆದರೆ ಮುಂದಿನ ನಕ್ಷೆಗಳೆಲ್ಲ ಅದೇ ತಪ್ಪಿನ ಮೇಲೆ ನಿಲ್ಲುತ್ತವೆ.

ಒಟ್ಟು ಎಷ್ಟು ಎಣ್ಣೆ ಅನ್ನುವ ಲೆಕ್ಕ ತೋರಿಸಿ.

ಒಂದು ಕಾಲ್ಪನಿಕ ಜಾಗ ತೆಗೆದುಕೊಳ್ಳೋಣ. ವಿಸ್ತಾರ 10 ಚದರ ಕಿ.ಮೀ., ಇದು ಸೈಸ್ಮಿಕ್ ನಕ್ಷೆಯಿಂದ. ಒಳ್ಳೆ ಮರಳಿನ ದಪ್ಪ 20 ಮೀಟರ್, ಖಾಲಿ ಜಾಗ ಶೇ 20, ಅದರಲ್ಲಿ ಎಣ್ಣೆ ಶೇ 70, ಇವು ಬಾವಿಗಳಿಂದ. ಗುಣಿಸಿದರೆ 2.8 ಕೋಟಿ ಘನ ಮೀಟರ್ ಎಣ್ಣೆ. ಆಳದಲ್ಲಿ ಎಣ್ಣೆಯಲ್ಲಿ ಗ್ಯಾಸ್ ಕರಗಿರುತ್ತದೆ, ಮೇಲೆ ಬಂದಾಗ ಗ್ಯಾಸ್ ಬಿಟ್ಟು ಎಣ್ಣೆ ಕುಗ್ಗುತ್ತದೆ. ಅದಕ್ಕಾಗಿ 1.3ರಿಂದ ಭಾಗಿಸಿದರೆ ಸುಮಾರು 2.15 ಕೋಟಿ ಘನ ಮೀಟರ್, ಅಂದರೆ 13.5 ಕೋಟಿ ಬ್ಯಾರೆಲ್.

ಈಗ ವಿಸ್ತಾರ 10ರ ಬದಲು 8, ದಪ್ಪ 20ರ ಬದಲು 15, ಖಾಲಿ ಜಾಗ ಶೇ 20ರ ಬದಲು 17 ಅಂತ ಹಾಕಿ. ಒಂದೊಂದೂ ಸಣ್ಣ ವ್ಯತ್ಯಾಸ, ಮೊದಲ ಹಂತದಲ್ಲಿ ಮಾಮೂಲಿ. ಉತ್ತರ 7 ಕೋಟಿ ಬ್ಯಾರೆಲ್‌ಗಿಂತ ಕೆಳಗೆ, ಹತ್ತಿರಹತ್ತಿರ ಅರ್ಧ!

ಅಷ್ಟೂ ಮೇಲೆ ಬರುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಎಣ್ಣೆಯಲ್ಲಿ ಮೂರನೇ ಒಂದು ಭಾಗ ಸಿಕ್ಕರೆ ಸಮಾಧಾನ ಪಡುವ ಜಾಗಗಳೇ ಹೆಚ್ಚು. ಹೆಚ್ಚು ತೆಗೆಯಲು ನೀರು ತಳ್ಳಬೇಕು. ಮಂಗಳಾದಲ್ಲಿ ಎಣ್ಣೆ ಮೇಣದ ಹಾಗೆ ಗಟ್ಟಿಯಾಗುವಂಥದ್ದು, ಪೈಪನ್ನು ಉದ್ದಕ್ಕೂ ಬಿಸಿ ಮಾಡಿ ಸಾಗಿಸುತ್ತಾರೆ. ಅಲ್ಲಿ ನೀರಿಗೆ ಪಾಲಿಮರ್ ಬೆರೆಸಿ ತಳ್ಳುತ್ತಾರೆ.

ಹಾಗಾದರೆ ಪೇಪರಿನಲ್ಲಿ ಬರುವ ಸಂಖ್ಯೆಯನ್ನು ನಂಬಬಹುದಾ?

ಒಂದೇ ಸಂಖ್ಯೆ ಕೊಟ್ಟಿದ್ದರೆ ನಂಬಬೇಡಿ. ಸರಿಯಾದ ಮೌಲ್ಯಮಾಪನದಲ್ಲಿ ಮೂರು ಸಂಖ್ಯೆ ಇರುತ್ತವೆ. ಇಷ್ಟಕ್ಕಿಂತ ಜಾಸ್ತಿ ಇರುವ ಸಾಧ್ಯತೆ ಶೇ 90 ಅನ್ನುವುದು ಪಿ90, ಶೇ 50 ಅನ್ನುವುದು ಪಿ50, ಶೇ 10 ಅನ್ನುವುದು ಪಿ10. ಮೊದಲ ಬಾವಿಯ ನಂತರ ಪಿ90ಗೂ ಪಿ10ಗೂ ಹಲವು ಪಟ್ಟು ಅಂತರ ಇರುವುದು ಸಹಜ. ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ದೊಡ್ಡ ಸಂಖ್ಯೆ. ಇನ್ನೊಂದು ಕೇಳಬೇಕಾದ್ದು: ಇದು ನೆಲದಡಿ ಇರುವುದೋ, ತೆಗೆಯಬಹುದಾದದ್ದೋ?

ಕೆಜಿ-ಡಿ6ನಲ್ಲಿ ಏನಾಯಿತು?

ಕೆಜಿ-ಡಿ6 ಅಂದರೆ ಕೃಷ್ಣಾ-ಗೋದಾವರಿ ಕೊಳದ ಒಂದು ಬ್ಲಾಕ್, ಎಣ್ಣೆ, ಗ್ಯಾಸ್ ಹುಡುಕಲು ಗಡಿ ಹಾಕಿ ಕೊಟ್ಟ ಜಾಗ. ಅಲ್ಲಿ, ಆಂಧ್ರದ ಕರಾವಳಿಯಾಚೆ, ಬಂಗಾಳ ಕೊಲ್ಲಿಯ ಆಳ ಸಮುದ್ರದಲ್ಲಿ ರಿಲಯನ್ಸ್‌ಗೆ 2002ರಲ್ಲಿ ಗ್ಯಾಸ್ ಸಿಕ್ಕಿತು. ಸೈಸ್ಮಿಕ್‌ನಲ್ಲಿ ಹಳೆಯ ಸಮುದ್ರತಳದ ಕಾಲುವೆಗಳು, ಅವುಗಳ ಪಕ್ಕದ ಮರಳಿನ ದಂಡೆಗಳು ಚೆನ್ನಾಗಿ ಕಾಣುತ್ತಿದ್ದವು. ಡಿ1, ಡಿ3 ಎಂಬ ಎರಡು ಮುಖ್ಯ ನಿಕ್ಷೇಪಗಳಿಂದ ಸುಮಾರು 10 ಟ್ರಿಲಿಯನ್ (10 ಲಕ್ಷ ಕೋಟಿ) ಘನ ಅಡಿ ತೆಗೆಯಬಹುದು, ದಿನಕ್ಕೆ 8 ಕೋಟಿ ಘನ ಮೀಟರ್ ಉತ್ಪಾದನೆ ಮುಟ್ಟಬಹುದು ಅಂತ 2006ರ ಯೋಜನೆ. ಏಪ್ರಿಲ್ 2009ರಲ್ಲಿ ಗ್ಯಾಸ್ ಹರಿಯಿತು. 2010ರಲ್ಲಿ ಬ್ಲಾಕ್‌ನ ಉತ್ಪಾದನೆ ದಿನಕ್ಕೆ 6 ಕೋಟಿ ದಾಟಿತು. ಅಲ್ಲಿಂದ ಇಳಿಯತೊಡಗಿದ್ದು ನಿಲ್ಲಲೇ ಇಲ್ಲ. 2012ರಲ್ಲಿ ಕಂಪನಿಯ ಅಂದಾಜು ಸುಮಾರು 3 ಟ್ರಿಲಿಯನ್‌ಗೆ ಇಳಿಯಿತು. ಫೆಬ್ರವರಿ 2020ರಲ್ಲಿ ಡಿ1, ಡಿ3 ನಿಂತವು.

ಒತ್ತಡ ಎಣಿಸಿದ್ದಕ್ಕಿಂತ ಬೇಗ ಇಳಿಯಿತು, ಬಾವಿಗಳಿಗೆ ನೀರು, ಮರಳು ನುಗ್ಗಿತು, ನೆಲದಡಿಯ ರಚನೆ ಅಂದುಕೊಂಡದ್ದಕ್ಕಿಂತ ಜಟಿಲವಾಗಿತ್ತು ಎಂದು ಕಂಪನಿ ಹೇಳಿತು. ಒಪ್ಪಿಕೊಂಡಷ್ಟು ಬಾವಿ ಕೊರೆಯಲಿಲ್ಲ, ಅದಕ್ಕೇ ಉತ್ಪಾದನೆ ಬಿತ್ತು ಎಂದು ಸರ್ಕಾರದ ಕಡೆಯವರು ಹೇಳಿದರು. ಈ ಜಗಳ ಮಧ್ಯಸ್ಥಿಕೆವರೆಗೂ ಹೋಯಿತು.

ನಮ್ಮ ಕೆಲಸದವರು ಇದರಲ್ಲಿ ನೋಡಬೇಕಾದ್ದು ಬೇರೆ. ಕಾಲುವೆಯ ಮಧ್ಯದಲ್ಲಿ ದಪ್ಪ ಮರಳು ಇರುತ್ತದೆ, ಪಕ್ಕದ ದಂಡೆಗಳಲ್ಲಿ ತೆಳು ತೆಳು ಪದರ. ಎರಡರಲ್ಲೂ ಗ್ಯಾಸ್ ಇರಬಹುದು, ಸೈಸ್ಮಿಕ್‌ನಲ್ಲಿ ಎರಡೂ ಹೊಳೆಯಬಹುದು. ಆದರೆ ದಂಡೆಯ ಗ್ಯಾಸ್ ಬಾವಿಯವರೆಗೆ ಹರಿದು ಬರುತ್ತದಾ? ಸೈಸ್ಮಿಕ್ ಇದನ್ನು ಹೇಳುವುದಿಲ್ಲ. ಒಂದು ಬಾವಿಯ ಲಾಗೂ ಹೇಳುವುದಿಲ್ಲ. ಉತ್ಪಾದನೆಗೆ ಮೊದಲು ಎಲ್ಲ ಬಾವಿಗಳಲ್ಲೂ ಒತ್ತಡ ಒಂದೇ ಗೆರೆಯಲ್ಲಿ ಬಂದರೂ ಅಷ್ಟಕ್ಕೇ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಯಾಕೆಂದರೆ ಲಕ್ಷಾಂತರ ವರ್ಷಗಳಲ್ಲಿ ಸಣ್ಣ ಸಂದಿಯ ಮೂಲಕವೂ ಒತ್ತಡ ಸಮವಾಗಿಬಿಡುತ್ತದೆ. ಹತ್ತು ವರ್ಷದಲ್ಲಿ ಗ್ಯಾಸ್ ತೆಗೆಯುವಾಗ ಅದೇ ಸಂದಿ ಮುಚ್ಚಿದ ಗೋಡೆಗೆ ಸಮ. ಎಷ್ಟು ಗ್ಯಾಸ್ ತೆಗೆದರೆ ಒತ್ತಡ ಎಷ್ಟು ಇಳಿಯಿತು ಅನ್ನುವ ಗ್ರಾಫ್‌ನಿಂದ ಬಾವಿಗೆ ನಿಜವಾಗಿ ಕೂಡಿಕೊಂಡಿರುವ ಗ್ಯಾಸ್ ಎಷ್ಟು ಅಂತ ತಿಳಿಯುತ್ತದೆ. ಅದು ಸಿಗುವ ಹೊತ್ತಿಗೆ ಸಾವಿರಾರು ಕೋಟಿ ಸುರಿದಾಗಿರುತ್ತದೆ. ಅದೇ ಬ್ಲಾಕ್‌ನ ಬೇರೆ ನಿಕ್ಷೇಪಗಳಿಂದ ಡಿಸೆಂಬರ್ 2020ರಿಂದ ಮತ್ತೆ ಗ್ಯಾಸ್ ಬರುತ್ತಿದೆ.

ಹಳೆ ನಿಕ್ಷೇಪಗಳಿಗೂ ಈ ಕೆಲಸ ಬೇಕಾ?

ಬೇಕು. ಮುಂಬೈ ಹೈ ರಚನೆ 1960ರ ದಶಕದ ಸೋವಿಯತ್ ಸೈಸ್ಮಿಕ್ ಸರ್ವೆಯಲ್ಲಿ ಕಂಡಿತು. ಫೆಬ್ರವರಿ 1974ರಲ್ಲಿ ಸಾಗರ್ ಸಾಮ್ರಾಟ್ ರಿಗ್ ಅಲ್ಲಿ ಎಣ್ಣೆ ಮುಟ್ಟಿತು, 1976ರಲ್ಲಿ ಉತ್ಪಾದನೆ. ಇಳಿಮುಖವಾದ ಮೇಲೆ 2000ದ ಸುಮಾರಿಗೆ ಓಎನ್‌ಜಿಸಿ ಮತ್ತೆ ಎಲ್ಲವನ್ನೂ ಲೆಕ್ಕ ಹಾಕಿ ಹೊಸ ಬಾವಿಗಳನ್ನು ಕೊರೆಯಿತು. ಸುಣ್ಣಕಲ್ಲಿನ ತೆಳು ಪದರಗಳಲ್ಲಿ ಎಣ್ಣೆ ಎಲ್ಲೆಲ್ಲಿ ಉಳಿದುಕೊಂಡಿದೆ ಅನ್ನುವುದೇ ಅಲ್ಲಿನ ಪ್ರಶ್ನೆ. ಅಲ್ಲಿನ ಕಚ್ಚಾ ತೈಲ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಗೂ ಬರುತ್ತದೆ.

ಕರ್ನಾಟಕದಲ್ಲಿ ಎಣ್ಣೆ ಸಿಗಬಹುದಾ?

ರಾಜ್ಯದ ಬಹುಭಾಗ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಅದರಲ್ಲಿ ಎಣ್ಣೆ ಹುಟ್ಟುವ ಮಾತೇ ಇಲ್ಲ. ಬಾಗಲಕೋಟೆ ಕಡೆಯ ಕಲಾದಗಿ, ಕಲಬುರಗಿ ಕಡೆಯ ಭೀಮಾ ಕೊಳಗಳಲ್ಲಿ ಪದರಗಲ್ಲು ಇದೆ, ಆದರೆ ವಾಣಿಜ್ಯ ಮಟ್ಟದಲ್ಲಿ ಏನೂ ಸಿಕ್ಕಿಲ್ಲ. ಕರಾವಳಿಯಾಚೆ ಕೇರಳ-ಕೊಂಕಣ ಕೊಳದಲ್ಲಿ ಬಾವಿ ಕೊರೆದಿದ್ದಾರೆ, ಅಲ್ಲೂ ಇನ್ನೂ ಅದೇ ಕಥೆ. ಅಲ್ಲಿ ಡೆಕ್ಕನ್ ಲಾವಾದ ಕಪ್ಪು ಕಲ್ಲು ಅಡ್ಡ ಕೂತಿದೆ. ಅದು ಸದ್ದನ್ನು ಚೆದುರಿಸಿಬಿಡುತ್ತದೆ, ಕೆಳಗಿನ ಪದರಗಳ ಚಿತ್ರ ಮಸುಕು.

ಪಾದೂರಿನಲ್ಲಿ ಭೂಗತ ತೈಲ ಇದೆಯಲ್ಲ, ಅದು?

ಅದು ನಿಕ್ಷೇಪ ಅಲ್ಲ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆದು, ತುರ್ತು ಕಾಲಕ್ಕೆ ಅಂತ ತರಿಸಿದ ಕಚ್ಚಾ ತೈಲ ತುಂಬುತ್ತಾರೆ.

ನಾನು ಜಿಯಾಲಜಿ ವಿದ್ಯಾರ್ಥಿ. ನಿಜವಾದ ಡೇಟಾ ಎಲ್ಲಿ ಸಿಗುತ್ತದೆ?

ಭಾರತದ ಡೇಟಾ ನ್ಯಾಷನಲ್ ಡೇಟಾ ರೆಪಾಸಿಟರಿಯಲ್ಲಿದೆ. ಕಲಿಯಲು ಸುಲಭವಾದದ್ದು ನಾರ್ವೆಯ ವೋಲ್ವ್. 2018ರಲ್ಲಿ ಈಕ್ವಿನಾರ್ ಕಂಪನಿ ಆ ನಿಕ್ಷೇಪದ ಸೈಸ್ಮಿಕ್, ಲಾಗ್, ವರದಿ ಎಲ್ಲವನ್ನೂ ಹೊರಗೆ ಬಿಟ್ಟಿತು. ನೆದರ್‌ಲ್ಯಾಂಡ್ಸ್‌ನ ಎಫ್3 ಬ್ಲಾಕ್‌ನ 3ಡಿ ಸೈಸ್ಮಿಕ್ ಕೂಡ ಉಚಿತ. ತೆರೆಯಲು ಓಪನ್‌ಡಿಟೆಕ್ಟ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ವೋಲ್ವ್ ಜೊತೆ 2008ರಿಂದ 2016ರವರೆಗಿನ ಉತ್ಪಾದನೆಯ ಅಂಕಿಗಳೂ ಬರುತ್ತವೆ. ಮೊದಲು ಆ ಫೈಲ್ ತೆರೆಯಬೇಡಿ. ಬರೀ ಸೈಸ್ಮಿಕ್ ಮತ್ತು ಮೊದಲ ಬಾವಿಗಳನ್ನು ಇಟ್ಟುಕೊಂಡು ನಿಮ್ಮ ಪಿ90, ಪಿ50, ಪಿ10 ಬರೆದಿಡಿ. ತೆಗೆಯಲು ಸಾಧ್ಯವಾಗುವುದು ಎಷ್ಟು ಅಂತಲೂ ಬರೆಯಿರಿ. ಆಮೇಲೆ ಉತ್ಪಾದನೆಯ ಫೈಲ್ ತೆರೆದು, ನಿಜವಾಗಿ ಬಂದದ್ದು ನಿಮ್ಮ ಮೂರು ಸಂಖ್ಯೆಗಳ ಒಳಗೆ ಎಲ್ಲಿ ಬಿದ್ದಿದೆ ಅಂತ ನೋಡಿ.